ಮಳೆ ಹೊಂಡದಲ್ಲಿ ಯಾವ ಜೀವಿ ಎಲ್ಲಿರುತ್ತದೆ? ದೊಣೆ, ಪದವು, ಗದ್ದೆಗಳ ಸಿಗಡಿ-ಏಡಿ ಬಳಗವನ್ನು ನೋಡಿ ಬರೆದಿಡುವ ಸಮಗ್ರ ಮಾರ್ಗದರ್ಶಿ

ಮೊದಲ ದೊಡ್ಡ ಮಳೆ ಬಿದ್ದು ಎರಡು ದಿನ ಕಳೆಯುವುದರೊಳಗೆ ಹಾಸುಬಂಡೆಯ ಮೇಲಿನ ದೊಣೆಯಲ್ಲಿ, ಅಂದರೆ ನೀರು ನಿಲ್ಲುವ ಕಲ್ಲುಗುಳಿಯಲ್ಲಿ, ಚುಕ್ಕೆಯಂಥ ಜೀವಿಗಳು ಓಡಾಡಲು ಶುರು ಮಾಡುತ್ತವೆ. ಅದಕ್ಕೆ ಮುಂಚೆ ಅಲ್ಲಿದ್ದದ್ದು ತಳದಲ್ಲಿ ಒಂದಿಷ್ಟು ಒಣ ಮಣ್ಣು, ಅಷ್ಟೆ. ಹತ್ತಿರ ಹೊಳೆ ಇಲ್ಲ, ಕೆರೆ ಇಲ್ಲ. ಈ ಜೀವಿಗಳು ಎಲ್ಲಿಂದಲೋ ಬಂದವಲ್ಲ. ಆ ಒಣ ಮಣ್ಣಿನಲ್ಲೇ ಮೊಟ್ಟೆಗಳಾಗಿ ಕಾದಿದ್ದವು.

ಇವೆಲ್ಲ ಸಿಗಡಿ, ಏಡಿಗಳ ಬಳಗದವು. ಶಾಲೆಯ ಪುಸ್ತಕದಲ್ಲಿ ಕಠಿಣಚರ್ಮಿಗಳು ಅಂತ ಓದಿರುತ್ತೀರಿ. ಕರ್ನಾಟಕದಲ್ಲಿ ಮಳೆಗಾಲಕ್ಕಷ್ಟೇ ತುಂಬಿ ಒಣಗುವ ಹೊಂಡ, ಗುಂಡಿ, ಗದ್ದೆಗಳಲ್ಲಿ ಇವು ಧಾರಾಳವಾಗಿ ಸಿಗುತ್ತವೆ. ನೋಡಲು ಹೋದವರು ಸಾಮಾನ್ಯವಾಗಿ "ಇಲ್ಲಿ ಇದು ಇತ್ತು" ಎಂದು ಬರೆದು ಮುಗಿಸುತ್ತಾರೆ. ನನ್ನ ಪ್ರಕಾರ ಅದು ಅರ್ಧ ಕೆಲಸ. ಹೊಂಡದೊಳಗೆ ಅದು ಯಾವ ಜಾಗದಲ್ಲಿತ್ತು? ನೀರು ತುಂಬಿ ಎಷ್ಟನೇ ದಿನ? ಪಕ್ಕದ ಹೊಂಡದಲ್ಲಿ ಯಾಕೆ ಇರಲಿಲ್ಲ? ನೀರು ಬತ್ತಿದ ಮೇಲೆ ಎಲ್ಲಿ ಹೋಯಿತು? ಈ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ಕೆಳಗೆ ಹಂತ ಹಂತವಾಗಿ ಕೊಟ್ಟಿದ್ದೇನೆ. ದುಬಾರಿ ಉಪಕರಣ ಬೇಡ. ಒಂದೇ ಹೊಂಡಕ್ಕೆ ಮತ್ತೆ ಮತ್ತೆ ಹೋಗುವ ತಾಳ್ಮೆ ಬೇಕು.

ಹಂತ 1: ಹೊಂಡ ಆರಿಸಿಕೊಳ್ಳಿ

ನಮ್ಮಲ್ಲಿ ತಾತ್ಕಾಲಿಕ ನೀರು ನಾಲ್ಕೈದು ಬಗೆಯದು. ಒಂದೊಂದರಲ್ಲಿ ಬೇರೆ ಬೇರೆ ಜೀವಿಗಳನ್ನು ನಿರೀಕ್ಷಿಸಬೇಕು.

ಬಯಲುಸೀಮೆಯ ಗ್ರಾನೈಟ್ ಬೆಟ್ಟಗಳ ಮೇಲೆ ದೊಣೆಗಳಿವೆ. ಸಾವನದುರ್ಗ, ಶಿವಗಂಗೆ, ಮಧುಗಿರಿ, ಚಿತ್ರದುರ್ಗದ ಕಡೆ ಬೆಟ್ಟ ಹತ್ತಿದವರಿಗೆ ಇವು ಗೊತ್ತು. ಆಳವಾದ ದೊಣೆಗಳಲ್ಲಿ ವರ್ಷವಿಡೀ ನೀರು ನಿಲ್ಲುತ್ತದೆ. ನಮಗೆ ಅವು ಬೇಡ. ಗೇಣುದ್ದ ಆಳದ, ಬೇಸಿಗೆಯಲ್ಲಿ ಪೂರ್ತಿ ಒಣಗುವ ಚಿಕ್ಕ ದೊಣೆಗಳೇ ಬೇಕು. ನೀರು ತಿಳಿಯಾಗಿರುತ್ತದೆ, ದಡದಲ್ಲಿ ಕೂತೇ ಎಲ್ಲ ನೋಡಬಹುದು. ಹೊಸಬರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಕರಾವಳಿಯಲ್ಲಿ ಮುರಕಲ್ಲಿನ ಪದವುಗಳಿವೆ, ಅಂದರೆ ಎತ್ತರದ ಕಲ್ಲುಬಯಲುಗಳು. ಬೇಸಿಗೆಯಲ್ಲಿ ಬೋಳು ಬಂಡೆ, ಜೂನ್ ಬಂದರೆ ಸಾಕು, ಮೈತುಂಬ ನೀರಿನ ಗುಂಡಿ ಮತ್ತು ಚಿಕ್ಕ ಚಿಕ್ಕ ಹೂವು. ಮಳೆ ಎಡೆಬಿಡದೆ ಸುರಿಯುವುದರಿಂದ ಇಲ್ಲಿ ಒಂದು ಗುಂಡಿಯ ನೀರು ಇನ್ನೊಂದಕ್ಕೆ ಹರಿಯುತ್ತದೆ. ಇದನ್ನು ಮರೆಯಬೇಡಿ, ಮುಂದೆ ಲೆಕ್ಕಕ್ಕೆ ಬರುತ್ತದೆ.

ಉತ್ತರ ಕರ್ನಾಟಕದ ಎರೆ ಹೊಲಗಳ ಗುಂಡಿಗಳು, ಗಾಡಿದಾರಿಯ ಪಕ್ಕದ ತಗ್ಗುಗಳು ಮೂರನೆಯ ಬಗೆ. ನೀರು ಸದಾ ಕದಡಿರುತ್ತದೆ, ಏನೂ ಕಾಣುವುದಿಲ್ಲ. ಆದರೆ ಬಲೆ ಹಾಕಿದರೆ ದೊಡ್ಡ ದೊಡ್ಡ ಜೀವಿಗಳು ಸಿಗುವುದು ಇಂಥ ಕಡೆಯೇ. ಆಮೇಲೆ ಭತ್ತದ ಗದ್ದೆ. ಇದರ ನೀರನ್ನು ರೈತರು ತಮಗೆ ಬೇಕಾದಾಗ ಕಟ್ಟುತ್ತಾರೆ, ಬೇಕಾದಾಗ ಬಿಡುತ್ತಾರೆ. ಗೊಬ್ಬರ, ಔಷಧಿ ಯಾವಾಗ ಹಾಕಿದರು ಎಂದು ಕೇಳಿ ಬರೆದುಕೊಳ್ಳಲೇಬೇಕು. ಕೊನೆಯದು ಒಣಗುವ ಕೆರೆಯ ಅಂಗಳ.

ಕನಿಷ್ಠ ಮೂರು ಹೊಂಡ ಆರಿಸಿ. ಒಂದು ಚಿಕ್ಕದು, ಒಂದು ಮಧ್ಯಮ, ಒಂದು ತುಸು ಆಳದ್ದು. ಮೂರೂ ಒಂದೇ ಬಂಡೆಯ ಮೇಲೆ ಅಥವಾ ಒಂದೇ ಬಯಲಿನಲ್ಲಿ ಇರಲಿ. ಮಳೆ ಒಂದೇ, ಬಿಸಿಲು ಒಂದೇ. ಆಗ ಜೀವಿಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಹೊಂಡದ ಗುಣವೇ ಕಾರಣ ಎಂದು ಹೇಳಲು ಸ್ವಲ್ಪ ಧೈರ್ಯ ಬರುತ್ತದೆ.

ಖಾಸಗಿ ಜಮೀನಾದರೆ ಯಜಮಾನರನ್ನು ಕೇಳಿ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಇಲ್ಲದೆ ಬಲೆ ಇಳಿಸಬೇಡಿ.

ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಬಿಳಿ ಪ್ಲಾಸ್ಟಿಕ್ ತಟ್ಟೆ ಒಂದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ. ಔಷಧಿ ಹಾಕುವ ಡ್ರಾಪರ್. ಒಂದು ಲೀಟರಿನ ಮಗ್. ಅಡ್ಡಗಲ ಸುಮಾರು 30 ಸೆಂಟಿಮೀಟರ್ ಇರುವ ಹಳೆಯ ಬಕೆಟ್, ಅದರ ತಳ ಕತ್ತರಿಸಿ ತೆಗೆದಿರಬೇಕು. ಇದು ಯಾಕೆ ಎಂದು ಹಂತ 5ರಲ್ಲಿ ಹೇಳುತ್ತೇನೆ. ಅಳತೆ ಟೇಪು, ಮರದ ಸ್ಕೇಲು, ಥರ್ಮಾಮೀಟರ್. ನೀರಿನ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಬಹಳ ಉಪಯೋಗ. ಪೆನ್ಸಿಲ್ಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಮಳೆಗೆ ಹರಿದುಹೋಗುತ್ತದೆ.

ಬಲೆಯ ವಿಷಯದಲ್ಲಿ ಎಚ್ಚರ. ಸೊಳ್ಳೆ ಪರದೆಯ ಬಟ್ಟೆ ಸಾಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅದರ ಕಣ್ಣುಗಳು ಒಂದು ಮಿಲಿಮೀಟರ್‌ಗಿಂತ ದೊಡ್ಡವು. ದೊಡ್ಡ ಸಿಗಡಿ ಸಿಗುತ್ತದೆ, ಮರಿಗಳು, ನೀರುಚಿಗಟ (ವಾಟರ್ ಫ್ಲೀ) ಎಂಬ ಪುಟ್ಟ ಜೀವಿಗಳು ಎಲ್ಲ ಜಾರಿಹೋಗುತ್ತವೆ. ಎರಡು ಬಲೆ ಇಟ್ಟುಕೊಳ್ಳಿ: ದೊಡ್ಡವಕ್ಕೆ ಟೀ ಸೋಸುವ ಜರಡಿಯಷ್ಟು ಕಣ್ಣಿನದು, ಚಿಕ್ಕವಕ್ಕೆ ತೆಳುವಾದ ವಾಯಿಲ್ ಬಟ್ಟೆಯದು.

ಸುರಕ್ಷತೆಯ ಮಾತು. ಪಾಚಿ ಹಿಡಿದ ಬಂಡೆ ಜಾರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಬೋಳು ಬಂಡೆಯ ಮೇಲೆ ಇರಲೇಬಾರದು, ಸಿಡಿಲಿನ ಭಯ. ಗದ್ದೆಗೆ ಇಳಿಯುವಾಗ ಗಮ್‌ಬೂಟು ಹಾಕಿ. ಕಾಲಿನಲ್ಲಿ ಗಾಯವಿದ್ದರೆ ಇಳಿಯಬೇಡಿ, ಇಲಿಜ್ವರ ಹರಡುವುದು ಹಾಗೆಯೇ. ಹೊಂಡದ ನೀರನ್ನು ಕುಡಿಯಬೇಡಿ. ನಾವು ಮುಂದೆ ನೋಡಲಿರುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಹೊಟ್ಟೆ ಸೇರಿಯೇ ನಾರುಹುಳು ಮನುಷ್ಯರಿಗೆ ಬರುತ್ತಿತ್ತು. ಉತ್ತರ ಕರ್ನಾಟಕದ ಹಳ್ಳಿಗಳೂ ಅದರಿಂದ ನರಳಿದ್ದವು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಮೆಟ್ಟಿಲುಬಾವಿಗಳಿಗೆ ಜನ ಇಳಿಯದಂತೆ ಮಾಡುವುದು, ಇಂಥ ಸರಳ ಕೆಲಸಗಳಿಂದ ಆ ರೋಗ ಹೋಯಿತು. 2000ನೇ ಇಸವಿಯಲ್ಲಿ ಭಾರತ ನಾರುಹುಳುಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಹಂತ 3: ಹೊಂಡವನ್ನು ಅಳೆಯಿರಿ

ಹೊಂಡಕ್ಕೊಂದು ಹೆಸರಿಡಿ ಅಥವಾ ನಂಬರ್ ಕೊಡಿ. ಮೊಬೈಲಿನಲ್ಲಿ ಜಾಗದ ಅಕ್ಷಾಂಶ, ರೇಖಾಂಶ ತೆಗೆದುಕೊಳ್ಳಿ. ಒಂದೇ ಕಡೆ ನಿಂತು ಪ್ರತಿ ಸಲವೂ ಫೋಟೋ ತೆಗೆಯಿರಿ.

ಉದ್ದ, ಅಗಲ, ಅತಿ ಹೆಚ್ಚಿನ ಆಳ, ಈ ಮೂರು ಸಾಕು. ಹೊಂಡ ಹೆಚ್ಚು ಕಡಿಮೆ ಅಂಡಾಕಾರ ಎಂದುಕೊಂಡರೆ ಉದ್ದವನ್ನು ಅಗಲದಿಂದ ಗುಣಿಸಿ, ಮತ್ತೆ 0.785ರಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆ. ಬಾಣಲೆಯಂತೆ ಇಳಿಜಾರಾಗಿದ್ದರೆ ವಿಸ್ತೀರ್ಣವನ್ನು ಆಳದಿಂದ ಗುಣಿಸಿ ಅರ್ಧ ಮಾಡಿ, ಅದು ನೀರಿನ ಪ್ರಮಾಣ. 3 ಮೀಟರ್ ಉದ್ದ, 2 ಮೀಟರ್ ಅಗಲ, 20 ಸೆಂಟಿಮೀಟರ್ ಆಳದ ದೊಣೆಯಲ್ಲಿ ಹೀಗೆ ಸುಮಾರು 470 ಲೀಟರ್ ನೀರು ಇರುತ್ತದೆ. ಕರಾರುವಾಕ್ಕು ಅಲ್ಲ. ಆದರೆ ವಾರದಿಂದ ವಾರಕ್ಕೆ ಹೋಲಿಸಲು ಸಾಕು.

ಆಳದ ಅಳತೆಯನ್ನು ಪ್ರತಿ ಸಲವೂ ಅದೇ ಬಿಂದುವಿನಲ್ಲಿ ತೆಗೆಯಬೇಕು. ಬಂಡೆಯಾದರೆ ಸೀಮೆಸುಣ್ಣದ ಗುರುತು ಮಳೆಗೆ ಅಳಿಸುತ್ತದೆ. ಬಣ್ಣ ಬಳಿಯಬೇಡಿ. ಫೋಟೋದಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಈಗ ಒಂದು ಕೈಚಿತ್ರ ಬರೆಯಿರಿ. ಹೊಂಡದಲ್ಲಿ ಬರೀ ನೀರು ಎಲ್ಲಿದೆ, ಗಿಡ ಎಲ್ಲಿದೆ, ಕೆಸರು ಎಲ್ಲಿದೆ, ಬೋಳು ಕಲ್ಲು ಎಲ್ಲಿದೆ, ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ ಎಂದು ಗೆರೆ ಎಳೆದು ತೋರಿಸಿ. ಇಡೀ ಕೆಲಸದ ಅಡಿಪಾಯ ಈ ಚಿತ್ರ. ಇದಿಲ್ಲದಿದ್ದರೆ "ಯಾವ ಜಾಗ" ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ.

ಶಾಖ, ಟಿಡಿಎಸ್ ಎರಡನ್ನೂ ಪ್ರತಿ ಸಲ ಒಂದೇ ಹೊತ್ತಿನಲ್ಲಿ ಅಳೆಯಿರಿ. ಬೆಳಿಗ್ಗೆ ತಣ್ಣಗಿದ್ದ ದೊಣೆಯ ನೀರು ಮಧ್ಯಾಹ್ನಕ್ಕೆ ಕೈಗೆ ಬಿಸಿ ತಾಗುವಷ್ಟಾಗುತ್ತದೆ. ಹೊತ್ತು ಬೇರೆಯಾದರೆ ಹೋಲಿಕೆ ಕೆಟ್ಟಂತೆಯೇ. ಮಳೆ ಬಿದ್ದ ಕೂಡಲೇ ಬಂಡೆ ಹೊಂಡದ ಟಿಡಿಎಸ್ ತೀರಾ ಕಡಿಮೆ ಇರುತ್ತದೆ. ನೀರು ಆವಿಯಾಗುತ್ತಾ ಹೋದಂತೆ ಏರುತ್ತದೆ. ಈ ಏರಿಕೆ ಸುಮ್ನೆ ಅಂಕಿಯಲ್ಲ. ಅನೇಕ ಮೊಟ್ಟೆಗಳು ಒಡೆಯುವುದು ಲವಣ ಕಡಿಮೆ ಇರುವ ತಾಜಾ ನೀರಿನಲ್ಲಿ. ಬತ್ತುತ್ತಿರುವ ಹೊಂಡದಲ್ಲಿ ಹುಟ್ಟಿದರೆ ಬೆಳೆಯಲು ಸಮಯ ಸಾಲದು, ಅಲ್ವಾ?

ಹಂತ 4: ಯಾರು ಯಾರೆಂದು ಗುರುತಿಸಿ

ಜಾತಿಯ ಮಟ್ಟದ ಗುರುತಿಗೆ ಸೂಕ್ಷ್ಮದರ್ಶಕ ಬೇಕು. ಗುಂಪಿನ ಮಟ್ಟದ ಗುರುತಿಗೆ ಬಿಳಿ ತಟ್ಟೆ ಮತ್ತು ಮಸೂರ ಸಾಕು. ಯಾರು ಎಲ್ಲಿರುತ್ತಾರೆ ಎಂದು ತಿಳಿಯಲು ಗುಂಪೇ ಬಹಳಷ್ಟು ಹೇಳುತ್ತದೆ.

ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿ ಈಜುವ, ಚಿಪ್ಪಿಲ್ಲದ ಉದ್ದನೆಯ ಜೀವಿ ಕಂಡರೆ ಅದು ಫೇರಿ ಶ್ರಿಂಪ್. ಎರಡು ಕಣ್ಣು ದಂಟಿನ ತುದಿಯಲ್ಲಿರುತ್ತವೆ. ನಮ್ಮ ಕಡೆ ಸಿಗುವ ಸ್ಟ್ರೆಪ್ಟೊಸೆಫಾಲಸ್ ಗುಂಪಿನವಕ್ಕೆ ಎಲೆಯಂಥ ಕಾಲು 11 ಜೊತೆ. ಅಲೆ ಅಲೆಯಾಗಿ ಬಡಿಯುತ್ತಾ ಅದೇ ಕಾಲಿನಿಂದ ಈಜುತ್ತದೆ, ಅದೇ ಕಾಲಿನಿಂದ ನೀರಿನಲ್ಲಿರುವ ಪಾಚಿಯ ಕಣಗಳನ್ನು ಸೋಸಿ ತಿನ್ನುತ್ತದೆ. ಗಂಡಿನ ತಲೆಯ ಮುಂದೆ ಹೆಣ್ಣನ್ನು ಹಿಡಿಯುವ ದೊಡ್ಡ ಕೊಂಡಿಗಳಿರುತ್ತವೆ. ಹೆಣ್ಣಿನ ಹೊಟ್ಟೆಯ ಕೆಳಗೆ ಮೊಟ್ಟೆಚೀಲ. ಸ್ಟ್ರೆಪ್ಟೊಸೆಫಾಲಸ್ ಡೈಕೊಟೊಮಸ್ ಎಂಬ ಜಾತಿ ದಕ್ಷಿಣ ಭಾರತದಲ್ಲಿ ವ್ಯಾಪಕವಾಗಿದೆ.

ಮುಂಭಾಗದ ಮೇಲೆ ಗುರಾಣಿ, ಹಿಂದೆ ಎರಡು ಉದ್ದ ಬಾಲದೆಳೆ, ಗುರಾಣಿಯ ಮೇಲೆ ಮೂರು ಕಣ್ಣು: ಇದು ಟ್ರಯಾಪ್ಸ್, ಟ್ಯಾಡ್‌ಪೋಲ್ ಶ್ರಿಂಪ್ ಎಂದೂ ಕರೆಯುತ್ತಾರೆ. ದೂರದಿಂದ ಗೊದಮೊಟ್ಟೆಯೇ ಎನಿಸುತ್ತದೆ.

ಇಡೀ ಮೈ ಎರಡು ಹೋಳಿನ ಚಿಪ್ಪಿನೊಳಗೆ ಇದ್ದರೆ ಎರಡು ಸಾಧ್ಯತೆ. ಚಿಪ್ಪಿನ ಮೇಲೆ ಒಂದರ ಹಿಂದೆ ಒಂದು ಬೆಳವಣಿಗೆಯ ಗೆರೆಗಳಿದ್ದರೆ ಕ್ಲ್ಯಾಮ್ ಶ್ರಿಂಪ್. ಮೈಪೊರೆ ಕಳಚಿದರೂ ಹಳೆಯ ಚಿಪ್ಪನ್ನು ಅದು ಬಿಡುವುದಿಲ್ಲ, ಹಾಗಾಗಿ ಗೆರೆ ಉಳಿಯುತ್ತದೆ. ಗೆರೆಯಿಲ್ಲದೆ ನುಣುಪಾಗಿ, ಹುರುಳಿಕಾಳಿಗಿಂತ ಚಿಕ್ಕದಾಗಿದ್ದರೆ ಆಸ್ಟ್ರಕಾಡ್.

ತಲೆ ಹೊರಗೆ, ಮೈ ಚಿಪ್ಪಿನೊಳಗೆ, ಕುಪ್ಪಳಿಸಿ ಕುಪ್ಪಳಿಸಿ ಈಜುವುದು ನೀರುಚಿಗಟ. ಹನಿಯ ಆಕಾರದ ಮೈ, ಕವಲು ಬಾಲ ಇರುವುದು ಕೋಪೆಪಾಡ್. ಇದರ ಹೆಣ್ಣಿಗೆ ಎರಡು ಮೊಟ್ಟೆಚೀಲ ಇದ್ದರೆ ಅದು ಬಹುಪಾಲು ಸೈಕ್ಲಾಪ್ಸ್ ಗುಂಪು. ಒಂದೇ ಚೀಲ, ಮೈಯಷ್ಟೇ ಉದ್ದದ ಮೀಸೆ ಇದ್ದರೆ ಕ್ಯಾಲನಾಯ್ಡ್ ಗುಂಪು. ಏಡಿ, ಸಿಗಡಿಗೆ ವಿವರಣೆ ಬೇಡ.

ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಫೇರಿ ಶ್ರಿಂಪನ್ನು ಗಾಜಿನ ಲೋಟಕ್ಕೆ ಬಿಟ್ಟು, ಕತ್ತಲೆ ಮಾಡಿ, ಕೆಳಗಿನಿಂದ ಟಾರ್ಚ್ ಹಾಕಿ. ಅದು ಮಗುಚಿ ಬೆನ್ನು ಮೇಲೆ ಮಾಡಿ ಈಜುತ್ತದೆ. ಹೊಟ್ಟೆಯನ್ನು ಬೆಳಕಿನ ಕಡೆ ತಿರುಗಿಸುವುದೇ ಅದರ ಸ್ವಭಾವ. ಮಕ್ಕಳಿಗೆ ತೋರಿಸಿದರೆ ಜೀವಮಾನದಲ್ಲಿ ಮರೆಯುವುದಿಲ್ಲ.

ಹಂತ 5: ಪ್ರತಿ ಜಾಗದಿಂದ ಸಮನಾಗಿ ಮೊಗೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹಂತ ಇದು. ಸುಲಭವಾಗಿ ಸಿಗುವ ಕಡೆ ಜಾಸ್ತಿ ಬಲೆ ಹಾಕಿ, ಕಷ್ಟದ ಕಡೆ ಕಡಿಮೆ ಹಾಕಿದರೆ ಬರುವ ಉತ್ತರ ನಿಮ್ಮ ಕೈಯ ಅನುಕೂಲವನ್ನು ತೋರಿಸುತ್ತದೆ, ಜೀವಿಯ ಆಯ್ಕೆಯನ್ನಲ್ಲ.

ಕೈಚಿತ್ರದಲ್ಲಿ ನೀವು ಗುರುತಿಸಿದ ಜಾಗಗಳನ್ನು ನಾಲ್ಕಕ್ಕೆ ಇಳಿಸಿ: ನಡುನೀರು, ಅಂಚು, ಗಿಡಗಳ ನಡುವೆ, ತಳದ ಕೆಸರು. ಮೊದಲ ಮೂರು ಕಡೆ ತಳವಿಲ್ಲದ ಬಕೆಟ್ಟನ್ನು ಮೇಲಿನಿಂದ ಒಮ್ಮೆಲೇ ನೀರಿಗೆ ಒತ್ತಿ, ಅಂಚು ತಳಕ್ಕೆ ಕಚ್ಚುವಂತೆ ಹಿಡಿಯಿರಿ. ಒಳಗೆ ಸಿಕ್ಕವು ತಪ್ಪಿಸಿಕೊಳ್ಳಲಾರವು. ಈಗ ಚಿಕ್ಕ ಜರಡಿಯಿಂದ ಒಳಗಿನ ಜೀವಿಗಳನ್ನು ತೆಗೆದು ಬಿಳಿ ತಟ್ಟೆಯ ನೀರಿಗೆ ಹಾಕುತ್ತಾ ಹೋಗಿ. ಸತತವಾಗಿ ಮೂರು ಸಲ ಏನೂ ಬರದಿದ್ದರೆ ನಿಲ್ಲಿಸಿ. 30 ಸೆಂಟಿಮೀಟರ್ ಅಡ್ಡಗಲದ ಬಕೆಟ್ ಅಂದರೆ ಸುಮಾರು 0.07 ಚದರ ಮೀಟರ್ ಜಾಗ. ನೀರು 10 ಸೆಂಟಿಮೀಟರ್ ಇದ್ದರೆ ಸುಮಾರು 7 ಲೀಟರ್. ಪ್ರತಿ ಜಾಗದಲ್ಲಿ ಕನಿಷ್ಠ ಮೂರು ಸಲ ಹೀಗೆ ಮಾಡಿ ಸರಾಸರಿ ತೆಗೆಯಿರಿ.

ತಳದ ಕೆಸರಿಗೆ ಬೇರೆ ಕ್ರಮ. ಬಕೆಟ್ ಒಳಗಿನ ನೀರಿನ ಜೀವಿಗಳನ್ನು ತೆಗೆದ ಮೇಲೆ, ತಳದ ಮೇಲ್ಪದರವನ್ನು ಮಗ್‌ನಿಂದ ತುಸುವೇ ಕೆರೆದು ಬಟ್ಟೆಬಲೆಯಲ್ಲಿ ಅಲುಗಿಸಿ. ಅರ್ಧ ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗಬೇಡಿ. ಅಲ್ಲೇ ಮುಂದಿನ ವರ್ಷಗಳ ಮೊಟ್ಟೆಗಳಿವೆ.

ಲೆಕ್ಕವನ್ನು ಹೇಗೆ ಓದುವುದು? ತೋರಿಸಲಿಕ್ಕೆ ಒಂದು ಕಲ್ಪಿತ ಉದಾಹರಣೆ: ನಡುನೀರಿನ ಬಕೆಟ್ಟಿನಲ್ಲಿ ಸರಾಸರಿ 2 ಕ್ಲ್ಯಾಮ್ ಶ್ರಿಂಪ್, ಗಿಡಗಳ ನಡುವೆ 8. ಗಿಡದ ನಡುವೆ ನಾಲ್ಕು ಪಟ್ಟು ದಟ್ಟವಾಗಿವೆ ಎಂದು ಹೇಳಬಹುದು. ಆದರೆ ಹೊಂಡದ ಶೇಕಡಾ 10ರಷ್ಟು ಜಾಗದಲ್ಲಿ ಮಾತ್ರ ಗಿಡ, ಉಳಿದದ್ದೆಲ್ಲ ನಡುನೀರು ಎಂದುಕೊಳ್ಳಿ. ಆಗ ಒಟ್ಟು ಸಂಖ್ಯೆಯಲ್ಲಿ ಜಾಸ್ತಿ ಇರುವುದು ನಡುನೀರಿನಲ್ಲೇ. "ಎಲ್ಲಿ ದಟ್ಟ" ಮತ್ತು "ಎಲ್ಲಿ ಹೆಚ್ಚು ಮಂದಿ" ಎರಡು ಬೇರೆ ಪ್ರಶ್ನೆ. ಎರಡನ್ನೂ ಬರೆಯಿರಿ, ಬೆರೆಸಬೇಡಿ.

ಎಣಿಸಿ ಆದ ಕೂಡಲೇ ಎಲ್ಲವನ್ನೂ ಅದೇ ಹೊಂಡಕ್ಕೆ ಬಿಡಿ. ತಟ್ಟೆಯನ್ನು ಬಿಸಿಲಲ್ಲಿ ಇಡಬೇಡಿ. ಇನ್ನೊಂದು ಮಾತು, ಸೊನ್ನೆಯನ್ನೂ ಬರೆಯಲೇಬೇಕು. ಹುಡುಕಿದೆ, ಸಿಗಲಿಲ್ಲ ಎಂಬುದು ಸಿಕ್ಕಿತು ಎಂಬಷ್ಟೇ ಬೆಲೆಯ ಮಾಹಿತಿ.

ಏನನ್ನು ಎಲ್ಲಿ ನಿರೀಕ್ಷಿಸಬೇಕು

ಫೇರಿ ಶ್ರಿಂಪ್ ಹೆಚ್ಚಾಗಿ ನಡುನೀರಿನದು. ಮೇಲೂ ಅಲ್ಲ, ತಳವೂ ಅಲ್ಲ, ನಡುವಿನ ಪದರದಲ್ಲಿ ನಿಧಾನವಾಗಿ ತೇಲುತ್ತಿರುತ್ತದೆ. ನೆರಳು ಬಿದ್ದರೆ ಥಟ್ಟನೆ ಸರಿಯುತ್ತದೆ. ಹಾಗಾಗಿ ಬಕೆಟ್ ಹಾಕುವಾಗ ಸೂರ್ಯನಿಗೆ ಎದುರಾಗಿ ನಿಲ್ಲಿ, ನಿಮ್ಮ ನೆರಳು ಹಿಂದೆ ಬೀಳಲಿ.

ಟ್ರಯಾಪ್ಸ್ ತಳದಲ್ಲಿ ಕೆಸರು ಅಗೆಯುತ್ತದೆ. ಸಿಕ್ಕಿದ್ದನ್ನು ತಿನ್ನುತ್ತದೆ: ಕೊಳೆತ ಎಲೆ, ನೀರುಚಿಗಟ, ಫೇರಿ ಶ್ರಿಂಪ್, ಕೊನೆಗೆ ತನ್ನದೇ ಬಳಗ. ಅದು ಅಗೆದು ಅಗೆದು ನೀರು ಕದಡುತ್ತದೆ, ಚಿಕ್ಕ ಕಳೆಗಳು ಬೇರು ಬಿಡಲಾಗದೆ ತೇಲುತ್ತವೆ. ಜಪಾನಿನಲ್ಲಿ ಭತ್ತದ ಗದ್ದೆಯ ಕಳೆ ತೆಗೆಯಲು ಇದನ್ನು ಬಳಸಿ ನೋಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೊಳಕೆ ಭತ್ತವನ್ನೇ ಕೀಳುತ್ತದೆಂದು ಇದೇ ಗುಂಪನ್ನು ಪೀಡೆ ಎನ್ನುತ್ತಾರೆ. ತಳದ ಜೀವಿಯಾದರೂ, ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಮಗುಚಿ ಈಜುತ್ತದೆ. ಸೆಕೆಯ ದಿನ ಬೆಳಗಿನ ಜಾವ ಮೇಲ್ಮೈಯಲ್ಲಿ ಕಂಡರೆ ಗೊಂದಲ ಬೇಡ.

ಕ್ಲ್ಯಾಮ್ ಶ್ರಿಂಪ್‌ಗಳಲ್ಲಿ ಎಲ್ಲವೂ ಒಂದೇ ಥರ ಅಲ್ಲ. ಬಹಳಷ್ಟು ತಳದ ಕೆಸರಿನಲ್ಲಿ ಅರ್ಧ ಹೂತುಕೊಂಡಿರುತ್ತವೆ. ಆದರೆ ಸೈಕ್ಲೆಸ್ತೀರಿಯಾ ಹಿಸ್ಲೋಪಿ ಎಂಬುದು ಗಿಡಗಳ ನಡುವೆ ಇರುವುದು. ನಾಗಪುರದಿಂದ ಸಿಕ್ಕ ಮಾದರಿಯನ್ನು ನೋಡಿ 1859ರಲ್ಲಿ ಇದನ್ನು ಮೊದಲು ವರ್ಣಿಸಿದರು. ಉಳಿದ ಕ್ಲ್ಯಾಮ್ ಶ್ರಿಂಪ್‌ಗಳಂತೆ ಮೊಟ್ಟೆಯನ್ನು ಕೆಸರಿಗೆ ಬಿಟ್ಟು ಸುಮ್ಮನಾಗುವುದಿಲ್ಲ. ಮರಿಗಳನ್ನು ಚಿಪ್ಪಿನೊಳಗೇ ಇಟ್ಟುಕೊಂಡು ಬೆಳೆಸುತ್ತದೆ. ನೀರು ತುಸು ಹೆಚ್ಚು ಕಾಲ ನಿಲ್ಲುವ, ಗಿಡ ದಟ್ಟವಾಗಿರುವ ಕಡೆ ಹುಡುಕಿ.

ನೀರುಚಿಗಟಗಳಲ್ಲಿ ಮೊಯಿನಾ ಹೊಸ ನೀರಿನಲ್ಲಿ ಮೊದಲು ಹೆಚ್ಚುತ್ತದೆ. ಆಮ್ಲಜನಕ ಕಡಿಮೆ ಇದ್ದರೆ ಕೆಂಪಗಾಗುತ್ತದೆ. ಗಿಡಗಳ ಬುಡದಲ್ಲಿ ದುಂಡಗಿನ, ತೆವಳುವ ಬೇರೆ ನೀರುಚಿಗಟಗಳು ಇರುತ್ತವೆ. ಸೈಕ್ಲಾಪ್ಸ್ ಅಂಚಿನಲ್ಲಿ, ಗಿಡದಲ್ಲಿ, ತಳದಲ್ಲಿ. ಕ್ಯಾಲನಾಯ್ಡ್ ನಡುನೀರಿನಲ್ಲಿ. ಗಿಡಗಳೆಂದರೆ ಎಲ್ಲವೂ ಆಸರೆಯಲ್ಲ ಎಂಬುದೂ ನೆನಪಿರಲಿ. ನೀರಿನಲ್ಲಿ ತೇಲುವ ಯುಟ್ರಿಕ್ಯುಲೇರಿಯಾ ಗಿಡದ ಪುಟ್ಟ ಚೀಲಗಳು ನೀರುಚಿಗಟ, ಆಸ್ಟ್ರಕಾಡ್‌ಗಳನ್ನು ಹೀರಿ ತಿನ್ನುತ್ತವೆ. ಚೀಲವನ್ನು ಮಸೂರದಲ್ಲಿ ನೋಡಿದರೆ ಒಳಗೆ ಚಿಪ್ಪುಗಳು ಕಾಣುತ್ತವೆ.

ಸಿಗಡಿ ಸಿಕ್ಕರೆ ನಿಂತು ಯೋಚಿಸಿ. ಹೊಳೆಯ ಸಿಗಡಿಗಳಿಗೆ ಒಣಗಿ ಬದುಕುವ ಮೊಟ್ಟೆ ಇಲ್ಲ. ಅಂದರೆ ಆ ಹೊಂಡಕ್ಕೋ ಗದ್ದೆಗೋ ಕಾಲುವೆಯಿಂದ, ತೋಡಿನಿಂದ ನೀರಿನ ನಂಟು ಇದೆ.

ಹಂತ 6: ದಿನ ಎಣಿಸಿ

ನೀರು ತುಂಬಿದ ದಿನವೇ ಸೊನ್ನೆ ದಿನ. ಆಮೇಲೆ 1, 2, 4, 7ನೇ ದಿನ, ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಹೋಗಿ. ಶುರುವಿನ ವಾರ ತಪ್ಪಿಸಬೇಡಿ, ಎಲ್ಲ ವೇಗವಾಗಿ ನಡೆಯುವುದು ಆಗಲೇ. ಮರಿಗಳು ಒಂದೆರಡು ದಿನದಲ್ಲಿ ಹೊರಬರುತ್ತವೆ. ಯೂಲಿಮ್ನೇಡಿಯಾ ಎಂಬ ಕ್ಲ್ಯಾಮ್ ಶ್ರಿಂಪ್ ಒಂದು ವಾರದ ಆಸುಪಾಸಿನಲ್ಲೇ ಮೊಟ್ಟೆಯಿಡುವ ವಯಸ್ಸಿಗೆ ಬರುತ್ತದೆ. ಫೇರಿ ಶ್ರಿಂಪ್‌ಗೆ ಒಂದೆರಡು ವಾರ ಬೇಕು.

ಈ ಅವಸರಕ್ಕೆ ಕಾರಣವನ್ನೂ ನೀವೇ ನೋಡುತ್ತೀರಿ. ಎರಡು ಮೂರು ವಾರ ಕಳೆಯುತ್ತಿದ್ದಂತೆ ಬೆನ್ನು ಕೆಳಗಾಗಿ ಈಜುವ ತಿಗಣೆಗಳು, ಡೈವಿಂಗ್ ಜೀರುಂಡೆಗಳು ಹಾರಿ ಬರುತ್ತವೆ. ಕೊಡತಿಹುಳುವಿನ (ಡ್ರ್ಯಾಗನ್‌ಫ್ಲೈ) ಮರಿಗಳು ಬೆಳೆದು ದೊಡ್ಡವಾಗುತ್ತವೆ. ಫೇರಿ ಶ್ರಿಂಪ್‌ಗಳ ಸಂಖ್ಯೆ ಕುಸಿಯತೊಡಗುತ್ತದೆ. ಅಷ್ಟರಲ್ಲಿ ಮೊಟ್ಟೆ ಕೆಸರು ಸೇರಿರಬೇಕು. ಬೇಟೆಗಾರರನ್ನೂ ಎಣಿಸಿ ಬರೆಯಿರಿ. ಅವು ಎಲ್ಲಿ ಜಾಸ್ತಿ ಇವೆಯೋ ಅಲ್ಲಿಂದ ಉಳಿದವು ಸರಿಯುತ್ತಿವೆಯೇ ನೋಡಿ.

ಬಯಲುಸೀಮೆಯಲ್ಲಿ ಒಂದೇ ವರ್ಷ ಹಲವು ಸೊನ್ನೆ ದಿನ ಸಿಗುತ್ತವೆ. ಭರಣಿ, ಕೃತ್ತಿಕೆ ಮಳೆಗೆ ದೊಣೆ ತುಂಬಿ ಒಣಗುತ್ತದೆ, ಮತ್ತೆ ಹಸ್ತ, ಚಿತ್ತೆಗೆ ತುಂಬುತ್ತದೆ. ಪ್ರತಿ ತುಂಬುವಿಕೆಯನ್ನೂ ಬೇರೆ ಕಥೆಯಾಗಿ ಬರೆಯಿರಿ. ಕರಾವಳಿಯಲ್ಲಿ ಹಾಗಲ್ಲ, ಮೃಗಶಿರದಿಂದ ಶುರುವಾದ ನೀರು ತಿಂಗಳುಗಟ್ಟಲೆ ಇರುತ್ತದೆ. ಅಲ್ಲಿ ಗುಂಡಿ ಉಕ್ಕಿ ಹರಿದ ದಿನಗಳನ್ನು ಗುರುತಿಸಿಕೊಳ್ಳಿ. ಒಂದು ಗುಂಡಿಯ ಜೀವಿ ಇನ್ನೊಂದಕ್ಕೆ ಹೋಗುವುದು ಆವತ್ತೇ.

ಮೀನು ಇದೆಯೇ ಎಂಬುದನ್ನು ಪ್ರತಿ ಸಲ ನೋಡಿ. ಫೇರಿ ಶ್ರಿಂಪ್, ಟ್ರಯಾಪ್ಸ್‌ನಂಥ ನಿಧಾನದ ದೊಡ್ಡ ಜೀವಿಗಳು ಮೀನು ಇರುವ ನೀರಿನಲ್ಲಿ ಬಾಳುವುದಿಲ್ಲ. ಒಣಗುವುದೇ ಈ ಹೊಂಡಗಳನ್ನು ಮೀನಿನಿಂದ ಕಾಯುತ್ತದೆ. ಸೊಳ್ಳೆ ತಿನ್ನಲಿ ಎಂದು ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ಕಂಡಕಂಡ ನೀರಿಗೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ದೊಣೆಗಳಿಗೆ, ಪದವಿನ ಗುಂಡಿಗಳಿಗೆ ಬಿಡಬೇಡಿ, ಬಿಡುವವರಿಗೂ ಹೇಳಿ. ಸೊಳ್ಳೆಮರಿಯನ್ನು ತಿನ್ನುವ ಸೈಕ್ಲಾಪ್ಸ್ ಬಳಗ ಅಲ್ಲಿ ಮೊದಲೇ ಇದೆ. ವಿಯೆಟ್ನಾಮಿನಲ್ಲಿ ಡೆಂಗಿ ಸೊಳ್ಳೆಯ ವಿರುದ್ಧ ಮೀಸೊಸೈಕ್ಲಾಪ್ಸ್ ಎಂಬುದನ್ನು ಮನೆಯ ನೀರಿನ ತೊಟ್ಟಿಗಳಿಗೆ ಬಿಟ್ಟು ಒಳ್ಳೆಯ ಫಲ ಕಂಡಿದ್ದಾರೆ.

ಹಂತ 7: ರಾತ್ರಿ ಒಮ್ಮೆ ಹೋಗಿ

ಹಗಲು ತಳದಲ್ಲಿದ್ದ ಜೀವಿ ರಾತ್ರಿ ಮೇಲೆ ಬರಬಹುದು. ಅದೇ ಜಾಗಗಳಲ್ಲಿ, ಅಷ್ಟೇ ಸಲ ಬಕೆಟ್ ಹಾಕಿ ಹೋಲಿಸಿ. ತಲೆಗೆ ಕಟ್ಟುವ ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಬಿಳಿ ಬೆಳಕಿಗೆ ಅನೇಕ ಜೀವಿಗಳು ಓಡಿ ಬರುತ್ತವೆ, ಆಗ ಲೆಕ್ಕ ಹಾಳಾಗುತ್ತದೆ. ಬಾಟಲಿಯೊಳಗೆ ದೀಪ ಇಟ್ಟು ಬಲೆ ಮಾಡುವವರಿದ್ದಾರೆ. ಹೊಂಡದಲ್ಲಿ ಯಾರು ಇದ್ದಾರೆ ಎಂದು ತಿಳಿಯಲು ಅದು ಒಳ್ಳೆಯದು, ಎಲ್ಲಿ ಇದ್ದರು ಎಂದು ತಿಳಿಯಲು ಅಲ್ಲ. ಒಬ್ಬರೇ ಹೋಗಬೇಡಿ.

ಹಂತ 8: ಏಡಿಗೆ ಬೇರೆ ಲೆಕ್ಕ

ಸಿಹಿನೀರಿನ ಏಡಿಗಳ ದಾರಿಯೇ ಬೇರೆ. ಒಣ ಮೊಟ್ಟೆ ಬಿಟ್ಟು ಸಾಯುವುದಿಲ್ಲ, ತಾವೇ ಬಿಲದಲ್ಲಿ ಬೇಸಿಗೆ ಕಳೆಯುತ್ತವೆ. ನೀರು ಇಳಿದಂತೆ ಬಿಲ ಆಳವಾಗುತ್ತದೆ, ತೇವ ಸಿಗುವವರೆಗೆ. ಇವುಗಳ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಯೇ ಹೊರಬರುತ್ತದೆ, ನೀರಿನಲ್ಲಿ ತೇಲುವ ಮರಿಹುಳುವಿನ ಹಂತ ಇಲ್ಲ. ತಾಯಿ ಹೊಟ್ಟೆಯ ಮಡಿಕೆಯಲ್ಲಿ ಮರಿಗಳನ್ನು ಹೊತ್ತು ತಿರುಗುತ್ತದೆ.

ಗದ್ದೆಯ ಬದುವಿನ ಮೇಲೆ 10 ಮೀಟರ್ ಉದ್ದ ಅಳೆದು, ಎರಡೂ ಬದಿಯ ಬಿಲಗಳನ್ನು ಎಣಿಸಿ. ಬಾಯಲ್ಲಿ ಹಸಿ ಮಣ್ಣಿನ ಉಂಡೆಗಳಿದ್ದರೆ ಒಳಗೆ ಏಡಿ ಇದೆ ಎನ್ನಬಹುದು. ಜೇಡರ ಬಲೆ ಕಟ್ಟಿದ್ದರೆ ಖಾಲಿ. ಬಿಲದಿಂದ ನೀರಿಗೆ ಎಷ್ಟು ದೂರ, ಬದುವಿನ ಮೇಲೋ ಇಳಿಜಾರಿನಲ್ಲೋ ಎಂದು ಬರೆಯಿರಿ. ಅಗೆಯಬೇಡಿ, ಕೈ ಹಾಕಬೇಡಿ. ಹಾವಿರಬಹುದು, ಬದುವೂ ಒಡೆಯುತ್ತದೆ. ನಾಟಿಗೆ ಮುಂಚೆ, ನಾಟಿಯಾದ ಮೇಲೆ, ಕೊಯ್ಲಿನ ನಂತರ, ಹೀಗೆ ಮೂರು ಸಲ ಅದೇ ಬದುವನ್ನು ಎಣಿಸಿದರೆ ಚಿತ್ರ ಸಿಗುತ್ತದೆ. ಮಲೆನಾಡಿನಲ್ಲಿ ಹತ್ತುಮೀನು (ಹೊಸ ನೀರಿಗೆ ಮೇಲೇರಿ ಬರುವ ಮೀನು) ಹಿಡಿಯಲು, ಕಲ್ಲೇಡಿ ಹಿಡಿಯಲು ಮೊದಲ ಮಳೆಯ ರಾತ್ರಿ ಹೋಗುವ ಹಿರಿಯರಿದ್ದರೆ ಅವರನ್ನು ಕೇಳಿ. ಏಡಿ ಯಾವ ಮಳೆಗೆ ಹೊರಬರುತ್ತದೆ, ಯಾವ ಕಡೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಎಲ್ಲ ಏಡಿಯೂ ಗದ್ದೆಯದಲ್ಲ. ಯಲ್ಲಾಪುರ ತಾಲೂಕಿನ ಬಾರೆಯಲ್ಲಿ ಸಿಕ್ಕ, 2022ರಲ್ಲಿ ಹೊಸ ಜಾತಿಯೆಂದು ಪ್ರಕಟವಾದ ಘಾಟಿಯಾನ ದ್ವಿವರ್ಣ ಇರುವುದು ಮುರಕಲ್ಲಿನ ತೂತುಗಳಲ್ಲಿ. ಬಿಳಿ ಮೈ, ಕೆಂಪು-ನೇರಳೆ ಕಾಲು. ಅಂಥದ್ದು ನಮ್ಮ ಕಾಲದವರೆಗೂ ಹೆಸರಿಲ್ಲದೆ ಇತ್ತು ಎಂದರೆ ಮುರಕಲ್ಲು ಕೋರೆಗಳಲ್ಲಿ ಏನೇನು ಹೋಗಿದೆಯೋ ಎಂದು ಸಂಕಟವಾಗುತ್ತದೆ. ಹಾಗಾಗಿ ಕಲ್ಲಿನ ಸಂದು, ತೂತುಗಳನ್ನೂ "ಜಾಗ"ಗಳ ಪಟ್ಟಿಗೆ ಸೇರಿಸಿ.

ಹಂತ 9: ದಾಖಲೆಯನ್ನು ಹೊರಗೆ ತನ್ನಿ

ಪ್ರತಿ ಬಕೆಟ್ಟಿಗೂ ಒಂದು ಸಾಲು. ಹೊಂಡದ ನಂಬರ್, ತಾರೀಖು, ಎಷ್ಟನೇ ದಿನ, ಹೊತ್ತು, ಜಾಗ, ಆಳ, ಶಾಖ, ಟಿಡಿಎಸ್, ಗುಂಪುವಾರು ಸಂಖ್ಯೆ, ಬೇಟೆಗಾರರು, ಮೀನು ಇದೆ ಅಥವಾ ಇಲ್ಲ. ಮನೆಗೆ ಬಂದ ದಿನವೇ ಎಕ್ಸೆಲ್ ಹಾಳೆಗೆ ಏರಿಸಿ. ಒಳ್ಳೆಯ ಫೋಟೋಗಳನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಜಾತಿ ಗುರುತಿಸಲು ನೆರವು ಸಿಗುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2011ರ ರಾಷ್ಟ್ರೀಯ ಜೌಗುಪ್ರದೇಶ ಅಟ್ಲಾಸ್‌ನಲ್ಲಿ 2.25 ಹೆಕ್ಟೇರ್‌ಗಿಂತ ಚಿಕ್ಕವಕ್ಕೆ ಆಕಾರವೇ ಇಲ್ಲ, ಬರೀ ಚುಕ್ಕಿ. ನಿಮ್ಮ ದೊಣೆ ಅದರ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ. ಬೇಸಿಗೆಯಲ್ಲಿ ನೋಡಿದವರಿಗೆ ಅದು ಬೋಳು ಕಲ್ಲು. ಅಲ್ಲಿ ಕಟ್ಟಡ ಬಂದರೆ, ಕೋರೆ ತೆಗೆದರೆ ಯಾರಿಗೂ ಏನೋ ಹೋಯಿತು ಅನಿಸುವುದಿಲ್ಲ. ತಾರೀಖು ಸಹಿತ ಸಾಲುಗಳಿದ್ದರೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಬಹುದು. ಊರಿನ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಸೇರಿಸಿ ಎಂದು ಕೇಳಬಹುದು.

ಹಂತ 10: ಬೇಸಿಗೆಯಲ್ಲಿ ಒಣ ಮಣ್ಣನ್ನು ಕೇಳಿ

ಹೊಂಡ ಪೂರ್ತಿ ಒಣಗಿದ ಮೇಲೂ ಕೆಲಸ ಇದೆ. ಮೊಟ್ಟೆಗಳು ಹೊಂಡದ ಯಾವ ಭಾಗದಲ್ಲಿ ಜಾಸ್ತಿ ಎಂದು ನೋಡಬೇಕಲ್ಲ. ಕೈಚಿತ್ರ ತೆಗೆದು ನಡುಭಾಗ, ಅಂಚು, ಗಿಡವಿದ್ದ ಜಾಗಗಳಿಂದ ಮೇಲಿನ ಎರಡು ಸೆಂಟಿಮೀಟರ್ ಮಣ್ಣನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಪ್ರತಿ ಜಾಗಕ್ಕೆ ಒಂದು ಮುಷ್ಟಿ ಸಾಕು. ಬೇರೆ ಬೇರೆ ಕಾಗದದ ಕವರಿನಲ್ಲಿ ಹಾಕಿ ಹೆಸರು ಬರೆಯಿರಿ.

ಮನೆಯಲ್ಲಿ ಅಗಲವಾದ ಟ್ರೇಗಳಲ್ಲಿ ತೂಕ ಮಾಡಿ ಒಂದೇ ಸಮ ಮಣ್ಣು ಹರಡಿ. ಪದರ ತೆಳುವಾಗಿರಲಿ. ಮೇಲೆ ಎರಡು ಮೂರು ಸೆಂಟಿಮೀಟರ್ ಮಳೆನೀರು ಹಾಕಿ. ಮಳೆನೀರು ಇಲ್ಲದಿದ್ದರೆ ಡಿಸ್ಟಿಲ್ಡ್ ವಾಟರ್. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ. ಬೆಳಕು ಬೀಳುವ, ನೇರ ಬಿಸಿಲು ತಾಗದ ಕಿಟಕಿಯ ಬಳಿ ಇಡಿ. 24 ಗಂಟೆಯಿಂದ ದಿನಕ್ಕೆ ಎರಡು ಸಲ ಟಾರ್ಚ್ ಹಿಡಿದು ಬದಿಯಿಂದ ನೋಡಿ. ಬೆಳಕಿಗೆ ಬರುವ ಚುಕ್ಕೆಗಳನ್ನು ಡ್ರಾಪರ್‌ನಲ್ಲಿ ತೆಗೆದು ಎಣಿಸಿ. ಬೆಳೆಸಬೇಕೆಂದರೆ ಬೇರೆ ಪಾತ್ರೆಗೆ ಹಾಕಿ, ಬೇಕರಿಯ ಯೀಸ್ಟನ್ನು ನೀರಿನಲ್ಲಿ ಕದಡಿ ಹನಿ ಎರಡು ಹನಿ ಕೊಡಿ. ಜಾಸ್ತಿ ಕೊಟ್ಟರೆ ನೀರು ಕೊಳೆತು ಎಲ್ಲ ಸಾಯುತ್ತವೆ.

ಮೊದಲ ಸಲ ಏನೂ ಬರದಿದ್ದರೆ ಮಣ್ಣು ಖಾಲಿ ಎಂದು ತೀರ್ಮಾನಿಸಬೇಡಿ. ಒಂದು ಮಳೆಗೆ ಒಂದು ಪಾಲು ಮೊಟ್ಟೆ ಮಾತ್ರ ಒಡೆಯುತ್ತದೆ, ಉಳಿದವು ಮುಂದಿನ ಮಳೆಗೆ ಕಾಯುತ್ತವೆ. ಆ ಮಳೆ ಅರ್ಧಕ್ಕೇ ಕೈಕೊಟ್ಟರೂ ವಂಶ ಉಳಿಯುವುದು ಹೀಗೆ. ಟ್ರೇಯನ್ನು ಪೂರ್ತಿ ಒಣಗಿಸಿ, ಕೆಲವು ವಾರ ಬಿಟ್ಟು ಮತ್ತೆ ನೀರು ಹಾಕಿ. ಎರಡನೇ, ಮೂರನೇ ಸಲದ ಲೆಕ್ಕವನ್ನೂ ಬೇರೆಯಾಗಿ ಬರೆಯಿರಿ.

ಬಲೆ, ಬೂಟು, ಬಕೆಟ್‌ಗಳ ವಿಷಯ. ಬೇರೆ ಜೀವಿಗಳಿಗಾದರೆ ಬಿಸಿಲಲ್ಲಿ ಒಣಗಿಸಿದರೆ ಸಾಕು ಎನ್ನಬಹುದಿತ್ತು. ಈ ಮೊಟ್ಟೆಗಳು ಒಣಗಿದರೆ ಸಾಯುವುದಿಲ್ಲ. ಹಸುಗಳ ಗೊರಸು, ಹಕ್ಕಿಗಳ ಕಾಲು, ಗಾಳಿ ಇವನ್ನು ತಾವಾಗಿ ಸಾಗಿಸುತ್ತವೆ, ಅದು ಬೇರೆ. ನಾವು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತರೆ ಯಾವ ಜಾತಿ ಎಲ್ಲಿಯದು ಎಂಬ ಗುರುತೇ ಅಳಿಸಿಹೋಗುತ್ತದೆ. ಹೊರಡುವ ಮುಂಚೆ ಅದೇ ಹೊಂಡದ ನೀರಿನಲ್ಲಿ ಬಲೆ ಜಾಲಿಸಿ, ಮನೆಗೆ ಬಂದ ಮೇಲೆ ಕುದಿಯುವ ನೀರು ಸುರಿಯಿರಿ. ಬಳಸದೆ ಉಳಿದ ಒಣ ಮಣ್ಣನ್ನು ಕವರಿನ ಮೇಲಿನ ಹೆಸರು ನೋಡಿ, ಮಳೆ ಶುರುವಾಗುವ ಮುಂಚೆ ಆಯಾ ಹೊಂಡಕ್ಕೇ ಹಾಕಿ. ಟ್ರೇಯಲ್ಲಿ ಬೆಳೆಸಿದವನ್ನು ಕೆರೆಗೋ ಬೇರೆ ಗುಂಡಿಗೋ ಬಿಡಬೇಡಿ. ಟ್ರೇಯಲ್ಲೇ ಒಣಗಲು ಬಿಟ್ಟು, ಆ ಮಣ್ಣನ್ನು ಹೊಂಡದ ಹೆಸರು ಬರೆದು ಮುಂದಿನ ಸಲಕ್ಕೆ ತೆಗೆದಿಡಿ.